ಜಕ್ಕೂರು ಕೆರೆಯಂಗಳದಲ್ಲಿ ಹಕ್ಕಿಯೂ ವಿಮಾನವೂ: ಒಂದೇ ಲೆನ್ಸಿನಲ್ಲಿ ಎರಡನ್ನೂ ಹಿಡಿಯುವುದು ಹೇಗೆ?

ಕೆರೆಯಂಚು:
ಎಲ್ಲರಿಗೂ ನಮಸ್ಕಾರ. ಜಕ್ಕೂರು ಕೆರೆಯ ಸುತ್ತಲಿನ ನಡಿಗೆ ದಾರಿಯಲ್ಲಿ ಬೆಳಗಿನ ಹೊತ್ತು ಹಕ್ಕಿಗಳ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಕೆರೆಯ ನೈಋತ್ಯಕ್ಕೆ ಜಕ್ಕೂರಿನ ಹಾರುದಾಣವಿದೆ, ಉತ್ತರಕ್ಕೆ ಯಲಹಂಕದ ವಾಯುಪಡೆ ನೆಲೆಯಿದೆ, ಅದಕ್ಕೂ ಆಚೆ ದೇವನಹಳ್ಳಿಯ ವಿಮಾನ ನಿಲ್ದಾಣವಿದೆ. ಹಾಗಾಗಿ ನೀರಿನ ಮೇಲೆ ಹೆಜ್ಜಾರ್ಲೆಗಳು (ಪೆಲಿಕನ್) ಹಾರುತ್ತಿರುವಾಗಲೇ ಯಾವುದಾದರೊಂದು ವಿಮಾನವೂ ಹಾದುಹೋಗುವುದು ಇಲ್ಲಿ ಅಪರೂಪವಲ್ಲ.

ನನ್ನ ಬಳಿ ಇರುವುದು ಕ್ರಾಪ್ ಸೆನ್ಸರಿನ (ಚಿತ್ರ ಮೂಡುವ ಫಲಕ ಚಿಕ್ಕದಿರುವ) ಕ್ಯಾಮೆರಾ ಮತ್ತು 150-600 ಮಿ.ಮೀ. ಲೆನ್ಸ್. ಹಕ್ಕಿಗಳ ಚಿತ್ರ ತೃಪ್ತಿಕರವಾಗಿಯೇ ಬರುತ್ತಿದೆ. ಆದರೆ ತರಬೇತಿಯ ಪುಟ್ಟ ಪ್ರೊಪೆಲರ್ ವಿಮಾನಗಳಾದ ಸೆಸ್ನಾಗಳು ಮಾತ್ರ ದಾರಕ್ಕೆ ಕಟ್ಟಿ ತೂಗುಬಿಟ್ಟ ಆಟಿಕೆಯಂತೆ ನಿರ್ಜೀವವಾಗಿ ಕಾಣುತ್ತವೆ. ಇದಕ್ಕೆ ಕಾರಣವೇನೆಂದು ತಿಳಿದವರು ಹೇಳಬೇಕು. ಇನ್ನೊಂದು ವಿಷಯ: ಹೆಜ್ಜಾರ್ಲೆಗಳ ಸಾಲು ಮತ್ತು ಪ್ರಯಾಣಿಕ ವಿಮಾನ ಎರಡೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿರುವ ಚಿತ್ರವೊಂದನ್ನು ಇತ್ತೀಚೆಗೆ ನೋಡಿದೆ, ಅದು ಎರಡು ಚಿತ್ರಗಳನ್ನು ಅಂಟಿಸಿ ಮಾಡಿದ್ದೆಂದು ಹಲವರು ಆಕ್ಷೇಪಿಸಿದ್ದರು. ನಿಜವಾಗಿ ಅಂಥ ಚಿತ್ರ ಸಾಧ್ಯವೇ?

ಗರಿಗೆದರಿ:
ನೀವು ಶಟರ್ ವೇಗವನ್ನು, ಅಂದರೆ ಬೆಳಕು ಒಳಬರುವ ಅವಧಿಯನ್ನು, ಹಕ್ಕಿಗೆ ಇಟ್ಟಂತೆಯೇ ವಿಮಾನಕ್ಕೂ ಇಡುತ್ತಿದ್ದೀರಿ ಎಂದು ನನ್ನ ಊಹೆ. 1/2000 ಸೆಕೆಂಡಿಗೆ ತೆಗೆದರೆ ಪ್ರೊಪೆಲರ್ ನಿಂತುಬಿಟ್ಟಂತೆ ಕಾಣುತ್ತದೆ. ಎಂಜಿನ್ ಕೆಟ್ಟ ವಿಮಾನದ ಚಿತ್ರ ಯಾರಿಗೆ ಬೇಕು?

ಲೆಕ್ಕದ ಮೇಷ್ಟ್ರು:
ಗರಿಗೆದರಿಯವರ ಊಹೆ ಸರಿ. ಅದರ ಹಿಂದಿನ ಲೆಕ್ಕವನ್ನೂ ನೋಡಿಬಿಡೋಣ. ಸೆಸ್ನಾ 172 ವಿಮಾನದ ಪ್ರೊಪೆಲರ್ ನಿಮಿಷಕ್ಕೆ ಸುಮಾರು 2400 ಸುತ್ತು ಸುತ್ತುತ್ತದೆ ಎಂದುಕೊಂಡರೆ ಸೆಕೆಂಡಿಗೆ 40 ಸುತ್ತು ಆಯಿತು. 1/2000 ಸೆಕೆಂಡಿನಲ್ಲಿ ಅಲಗು ಕೇವಲ 7 ಡಿಗ್ರಿಯಷ್ಟು ಚಲಿಸುತ್ತದೆ, ಹೀಗಾಗಿ ಅದು ನಿಂತಂತೆಯೇ ಕಾಣುತ್ತದೆ. 1/160ಕ್ಕೆ ಇಳಿಸಿದರೆ 90 ಡಿಗ್ರಿ, ಅಂದರೆ ಕಾಲು ಸುತ್ತು. ಎರಡು ಅಲಗಿನ ಪ್ರೊಪೆಲರ್ ಪೂರ್ಣ ತಟ್ಟೆಯಾಗಿ ಕಾಣಬೇಕೆಂದರೆ ಅರ್ಧ ಸುತ್ತು ಬೇಕು, ಅದಕ್ಕೆ 1/80 ಸೆಕೆಂಡ್. ಆದರೆ 600 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದು 1/80ರಲ್ಲಿ ಸ್ಪಷ್ಟ ಚಿತ್ರ ತೆಗೆಯುವವರು ಕಡಿಮೆ. ಆದ್ದರಿಂದ 1/160ರಿಂದ 1/250ರ ನಡುವೆ ಇಟ್ಟುಕೊಂಡು, ವಿಮಾನದ ಜೊತೆಜೊತೆಗೇ ಸೊಂಟದಿಂದ ಮೇಲಿನ ಭಾಗವನ್ನೆಲ್ಲ ತಿರುಗಿಸುತ್ತಾ ಸಾಲುಚಿತ್ರ ತೆಗೆಯಿರಿ. ಹತ್ತರಲ್ಲಿ ಒಂದೆರಡು ಚೆನ್ನಾಗಿ ಬಂದರೆ ಸಾಕು.

ಹೆಲಿಕಾಪ್ಟರಿನ ರೋಟರ್ ಇದಕ್ಕಿಂತಲೂ ನಿಧಾನವಾಗಿ ಸುತ್ತುವುದರಿಂದ ಅದಕ್ಕೆ ಇನ್ನೂ ಕಡಿಮೆ ವೇಗ ಬೇಕು. ಜೆಟ್ ವಿಮಾನಕ್ಕೆ ಈ ತೊಡಕೇ ಇಲ್ಲ. 1/1000 ಅಥವಾ ಅದಕ್ಕಿಂತ ಹೆಚ್ಚು ಇಟ್ಟುಕೊಂಡು ನಿಶ್ಚಿಂತರಾಗಿರಬಹುದು.

ವಾರಾಂತ್ಯದ ಕ್ಯಾಮೆರಾ:
ಇದಕ್ಕೆ ಒಂದು ಮಾತು ಸೇರಿಸಬೇಕು. ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಪ್ರೊಪೆಲರ್ ವಿಮಾನಕ್ಕೆ ಎಲೆಕ್ಟ್ರಾನಿಕ್ ಶಟರ್ ಬಳಸದಿರುವುದು ಒಳ್ಳೆಯದು. ಬಹುಪಾಲು ಸೆನ್ಸರುಗಳು ಚಿತ್ರವನ್ನು ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಓದುತ್ತವೆ. ಅಷ್ಟರಲ್ಲಿ ಅಲಗು ಜಾಗ ಬದಲಿಸಿರುವುದರಿಂದ ಅದು ಬಾಗಿದಂತೆ, ಕೆಲವೊಮ್ಮೆ ತುಂಡಾದಂತೆ ಮೂಡುತ್ತದೆ. ರೆಕ್ಕೆ ಬಡಿಯುವ ಸಣ್ಣ ಹಕ್ಕಿಗಳಿಗೂ ಸ್ವಲ್ಪ ಮಟ್ಟಿಗೆ ಇದೇ ತೊಂದರೆ ಉಂಟು.

ಕೆರೆಯಂಚು:
ಉಪಯುಕ್ತ ಮಾಹಿತಿ. ಆದರೆ ಬೆಳಗ್ಗೆ ಎಂಟು ಗಂಟೆಯ ಬಿಸಿಲಿನಲ್ಲಿ 1/160ಕ್ಕೆ ಇಳಿಸಿದರೆ ಐಎಸ್‌ಒ 100ರಲ್ಲೂ (ಬೆಳಕಿಗೆ ಸೆನ್ಸರಿನ ಸಂವೇದನೆ ತೀರಾ ಕಡಿಮೆ ಇರುವಾಗಲೂ) ಅಪರ್ಚರನ್ನು, ಅಂದರೆ ಲೆನ್ಸಿನ ಕಿಂಡಿಯನ್ನು, ಎಫ್/11ರಿಂದ ಎಫ್/13ರಷ್ಟು ಕಿರಿದಾಗಿಸಬೇಕಾಗುತ್ತದೆಯಲ್ಲ?

ಗರಿಗೆದರಿ:
ಆಗುತ್ತದೆ, ಮತ್ತು ಸೆನ್ಸರಿನ ಮೇಲೆ ಕುಳಿತ ಧೂಳೆಲ್ಲ ನೀಲಿ ಆಕಾಶದಲ್ಲಿ ಕಪ್ಪು ಚುಕ್ಕೆಗಳಾಗಿ ಆಗಲೇ ಕಾಣಿಸಿಕೊಳ್ಳುತ್ತದೆ. ಎಲೆಗಳ ನಡುವಿನ ಪಿಕಳಾರವನ್ನು ಎಫ್/6.3ರಲ್ಲಿ ತೆಗೆಯುವವರಿಗೆ ಆ ಧೂಳು ವರ್ಷವಾದರೂ ಗೊತ್ತಾಗುವುದಿಲ್ಲ. ಪೋಲರೈಸರ್ ಫಿಲ್ಟರ್ ಹಾಕಿದರೆ ಒಂದೂವರೆ ಸ್ಟಾಪಿನಷ್ಟು, ಅಂದರೆ ಸುಮಾರು ಮೂರನೆಯ ಒಂದು ಭಾಗಕ್ಕೆ, ಬೆಳಕು ಕಡಿಮೆಯಾಗುತ್ತದೆ, ಆದರೆ ಹಕ್ಕಿಗೆ ಬಂದಾಗ ಅದನ್ನು ತೆಗೆಯಬೇಕು. ಅಷ್ಟರಲ್ಲಿ ಹಕ್ಕಿ ಹೋಗಿರುತ್ತದೆ.

ಹಾವಕ್ಕಿ:
ಕ್ಯಾಮೆರಾದಲ್ಲಿ ಸ್ವಂತ ಸೆಟ್ಟಿಂಗುಗಳನ್ನು ಉಳಿಸಿಡುವ ಸೌಲಭ್ಯ ಇರುವುದೇ ಇದಕ್ಕಾಗಿ. ನಾನು ಒಂದರಲ್ಲಿ ಹಕ್ಕಿಗೆ 1/2500, ಅಪರ್ಚರ್ ಪೂರ್ತಿ ತೆರೆದು, ಐಎಸ್‌ಒ ತಾನಾಗಿ ಹೊಂದಿಕೊಳ್ಳುವಂತೆ ಇಟ್ಟಿದ್ದೇನೆ. ಎರಡನೆಯದರಲ್ಲಿ ಪ್ರೊಪೆಲರ್ ವಿಮಾನಕ್ಕೆ 1/200. ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತಿರುವಾಗ ಸೆಸ್ನಾದ ಸದ್ದು ಕೇಳಿಸಿದರೂ ಗಾಬರಿಯಿಲ್ಲ, ಒಂದು ಗುಂಡಿ ತಿರುಗಿಸಿದರೆ ಮುಗಿಯಿತು.

ಪಡುವಣ ಗಾಳಿ:
ಎಲ್ಲರೂ ಶಟರಿನ ಸುತ್ತಲೇ ಸುತ್ತುತ್ತಿದ್ದೀರಿ, ಸೂರ್ಯ ಎಲ್ಲಿದ್ದಾನೆ ಎಂದು ಯಾರೂ ಕೇಳಲಿಲ್ಲ. ಜಕ್ಕೂರಿನಿಂದ ಪೂರ್ವಕ್ಕೆ ಏರುವ ತರಬೇತಿ ವಿಮಾನಗಳು ಕೆರೆಯ ದಕ್ಷಿಣಕ್ಕೆ ಹಾದುಹೋಗುತ್ತವೆ. ಡಿಸೆಂಬರಿನ ಬೆಳಗ್ಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ. ಅಂದರೆ ನೀವು ಬೆಳಕಿಗೆ ಎದುರಾಗಿ ನಿಂತು, ನೆರಳಿನಲ್ಲಿರುವ ವಿಮಾನದ ಹೊಟ್ಟೆಯನ್ನು ತೆಗೆಯುತ್ತಿದ್ದೀರಿ. ಅದು ನಿರ್ಜೀವವಾಗಿ ಕಾಣಲು ಪ್ರೊಪೆಲರಿಗಿಂತ ಇದೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲದ ದಿನ ಉಂಟಾಗುತ್ತದೆ. ಆ ಎರಡು ದಿನಗಳ ನಡುವಿನ ಅವಧಿಯಲ್ಲಿ ಸೂರ್ಯ ದಿನವಿಡೀ ನಮ್ಮ ಉತ್ತರಕ್ಕಿರುತ್ತಾನೆ, ಆದ್ದರಿಂದ ದಕ್ಷಿಣದಲ್ಲಿ ಹಾರುವ ವಿಮಾನದ ಮೇಲೆ ನೇರ ಬೆಳಕು ಬೀಳುತ್ತದೆ. ಸಂಕಟವೇನೆಂದರೆ ಆ ಕಾಲದ ಬಹುಭಾಗ ಮಳೆಮೋಡ ಕವಿದಿರುತ್ತದೆ, ಚಳಿಗಾಲದ ವಲಸೆ ಹಕ್ಕಿಗಳೂ ಆಗ ಇರುವುದಿಲ್ಲ. ಚಳಿಗಾಲದಲ್ಲಿ ಏರಿಯ ದಕ್ಷಿಣ ಭಾಗದಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿದರೆ ನೀರಿನ ಮೇಲಿನ ಹಕ್ಕಿಗಳಿಗೂ ಯಲಹಂಕದ ಕಡೆಯ ವಿಮಾನಗಳಿಗೂ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಸೆಸ್ನಾವನ್ನು ಮೇ ತಿಂಗಳಿಗೆ ಬಿಡಿ.

ಚಿಟ್ಟುಕುಟುರ:
ಎದುರು ಬೆಳಕನ್ನು ಇಷ್ಟು ಕೀಳಾಗಿ ಕಾಣಬೇಕಾಗಿಲ್ಲ. ಹೆಜ್ಜಾರ್ಲೆಯ ರೆಕ್ಕೆಯ ಗರಿಗಳ ಮೂಲಕ ಬೆಳಕು ತೂರಿ ಬರುವ ಚಿತ್ರಕ್ಕೆ ಸಾಟಿಯಿಲ್ಲ. ವಿಮಾನಕ್ಕೆ ಮಾತ್ರ ನೀವು ಹೇಳಿದ್ದು ಒಪ್ಪತಕ್ಕದ್ದೇ, ಲೋಹದ ಮೂಲಕ ಬೆಳಕು ತೂರುವುದಿಲ್ಲ.

ಯಲಹಂಕ ಹಳಬ:
ಯಲಹಂಕದ ಕಡೆಗೆ ಲೆನ್ಸ್ ತಿರುಗಿಸಿ ಎಂದು ಇಷ್ಟು ಸಲೀಸಾಗಿ ಹೇಳಬಾರದು. ಅದು ವಾಯುಪಡೆಯ ನೆಲೆ. ಸಾರಿಗೆ ವಿಮಾನಗಳ ಪೈಲಟುಗಳಿಗೆ ಅಲ್ಲಿ ತರಬೇತಿ ನಡೆಯುತ್ತದೆ, ಎಎನ್-32 ಮತ್ತು ಡಾರ್ನಿಯರ್ ವಿಮಾನಗಳು ಸುತ್ತುತ್ತಲೇ ಇರುತ್ತವೆ. ರಕ್ಷಣಾ ನೆಲೆಗಳ ಚಿತ್ರ ತೆಗೆಯುವುದು 1923ರ ಅಧಿಕೃತ ರಹಸ್ಯ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಹವ್ಯಾಸಕ್ಕಾಗಿ ಪೊಲೀಸ್ ಠಾಣೆ ಹತ್ತುವುದು ಯಾರಿಗೂ ಬೇಡ.

ವಾರಾಂತ್ಯದ ಕ್ಯಾಮೆರಾ:
ಕ್ಷಮಿಸಿ, ಇದು ಅತಿಯಾದ ಭಯ. ಎರಡು ವರ್ಷಗಳಿಗೊಮ್ಮೆ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವಾಗ ಸಾವಿರಾರು ಜನ ಅದೇ ಯಲಹಂಕದಲ್ಲಿ ಮೊಬೈಲು, ಕ್ಯಾಮೆರಾ ಎತ್ತಿ ಹಿಡಿದಿರುತ್ತಾರೆ. ಕೆರೆಯ ದಂಡೆಯಿಂದ ಆಕಾಶದಲ್ಲಿ ಹಾರುವ ವಿಮಾನವನ್ನು ತೆಗೆದರೆ ಯಾವ ರಹಸ್ಯ ಬಯಲಾಗುತ್ತದೆ?

ಯಲಹಂಕ ಹಳಬ:
ಏರೋ ಇಂಡಿಯಾ ಸಾರ್ವಜನಿಕರನ್ನು ಆಹ್ವಾನಿಸಿ ನಡೆಸುವ ಪ್ರದರ್ಶನ. ಮಿಕ್ಕ ದಿನಗಳಲ್ಲಿ ನೆಲೆಯ ಬೇಲಿ, ನಿಲುಗಡೆ, ಕಟ್ಟಡಗಳು ಚಿತ್ರದಲ್ಲಿ ಬಂದರೆ ಅದು ಬೇರೆಯೇ ವಿಚಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕೆರೆಯಂಚು:
ಇಬ್ಬರ ಮಾತಿನಲ್ಲೂ ಅರ್ಥವಿದೆ. ಕೆರೆಯಲ್ಲಿ ನನಗೆ ಯಾರೂ ಅಡ್ಡಿಪಡಿಸಿಲ್ಲ. ಆದರೆ ನಗರದ ಬೇರೊಂದು ಉದ್ಯಾನದಲ್ಲಿ ಕಾವಲುಗಾರರೊಬ್ಬರು, ಹಕ್ಕಿಯನ್ನು ಬೇಕಾದರೆ ತೆಗೆಯಿರಿ, ವಿಮಾನ ತೆಗೆಯಲು ಅನುಮತಿ ಪತ್ರ ತನ್ನಿ ಎಂದರು. ಯಾರ ಅನುಮತಿ ಎಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಪಡುವಣ ಗಾಳಿ:
1937ರ ವಿಮಾನ ನಿಯಮಗಳ 13ನೇ ನಿಯಮ ಹೇಳುವುದು ಸರ್ಕಾರಿ ವಿಮಾನ ನಿಲ್ದಾಣದೊಳಗೆ ಅಥವಾ ಹಾರುತ್ತಿರುವ ವಿಮಾನದ ಒಳಗಿನಿಂದ ಚಿತ್ರ ತೆಗೆಯುವುದರ ಬಗ್ಗೆ. ನೆಲದ ಮೇಲೆ, ಉದ್ಯಾನದಲ್ಲಿ ನಿಂತವನು ಮೇಲೆ ನೋಡುವುದರ ಬಗ್ಗೆ ಅದು ಮಾತನಾಡುವುದಿಲ್ಲ. 1934ರ ಮೂಲ ಕಾಯ್ದೆಯ ಜಾಗಕ್ಕೆ ಈಗ 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಆದರೆ ಉದ್ಯಾನದ ಆಡಳಿತಕ್ಕೆ ತನ್ನ ಆವರಣದಲ್ಲಿ ಕ್ಯಾಮೆರಾ ಬೇಡವೆನ್ನುವ ಅಧಿಕಾರ ಇರಬಹುದು. ಹಾಗೇನಾದರೂ ಇದ್ದರೆ ಅದು ಹಕ್ಕಿಗೂ ವಿಮಾನಕ್ಕೂ ಒಂದೇ ಆಗಬೇಕು. ಕಾವಲುಗಾರರೊಡನೆ ವಾದಿಸುವುದರಿಂದ ಪ್ರಯೋಜನವಿಲ್ಲ, ಅವರು ಮೇಲಿನವರು ಹೇಳಿದ್ದನ್ನು ಮಾಡುತ್ತಾರೆ. ನಿಯಮ ಫಲಕದಲ್ಲಿ ಬರೆದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಆಡಳಿತಕ್ಕೆ ಪತ್ರ ಬರೆಯಿರಿ.

ಹಳಬರ ಎಚ್ಚರಿಕೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ವಾಯುಪಡೆಯ ವಿಮಾನದ ಚಿತ್ರವನ್ನು ಅದರ ಬಾಲದ ಸಂಖ್ಯೆ, ಸಮಯ, ನಿಂತ ಜಾಗದ ಸಮೇತ ಜಾಲತಾಣದಲ್ಲಿ ಹಾಕುವ ಅಗತ್ಯ ಯಾರಿಗೂ ಇಲ್ಲ. ವಿಟಿ ಎಂಬ ಅಕ್ಷರಗಳಿಂದ ಆರಂಭವಾಗುವ ನಾಗರಿಕ ವಿಮಾನಗಳೇ ನಮಗೆ ಸಾಕಷ್ಟಿವೆ.

ಗರಿಗೆದರಿ:
ಡ್ರೋನ್ ಹಾರಿಸಿ ಹಕ್ಕಿ ತೆಗೆಯುವೆನೆನ್ನುವವರು ಈ ಚರ್ಚೆಗೆ ಇನ್ನೂ ಬಂದಿಲ್ಲ ಎನ್ನುವುದೇ ಸಮಾಧಾನ.

ಹಾವಕ್ಕಿ:
ಬರುವುದೂ ಬೇಡ. ಗೂಡಿನ ಮೇಲೆ ಡ್ರೋನ್ ಹಾರಿದರೆ ತಾಯಿ ಹಕ್ಕಿ ಗೂಡು ಬಿಟ್ಟೇಳುತ್ತದೆ. ಅದೂ ಅಲ್ಲದೆ 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣಗಳ ಸುತ್ತ ಕೆಂಪು ವಲಯ, ಅದರಾಚೆ ಹಳದಿ ವಲಯ ಎಂದು ಗುರುತಿಸಿದ್ದಾರೆ. ಜಕ್ಕೂರಿನಂಥ ಜಾಗದಲ್ಲಿ ಅದರ ಯೋಚನೆಯನ್ನೇ ಮಾಡಬಾರದು.

ವಾರಾಂತ್ಯದ ಕ್ಯಾಮೆರಾ:
ಹದ್ದು ಮತ್ತು ಗರುಡ ಹತ್ತಿರಕ್ಕೆ ಬರಬೇಕೆಂದು ಕೆಲವರು ಕೋಳಿಯ ತ್ಯಾಜ್ಯ ಎಸೆಯುತ್ತಾರೆ. ಎರಗುವ ಭಂಗಿಯ ಚಿತ್ರಗಳು ಅದ್ಭುತವಾಗಿಯೇ ಬರುತ್ತವೆ. ಇಲ್ಲಿ ಯಾರಾದರೂ ಪ್ರಯತ್ನಿಸಿದ್ದೀರಾ?

ಹಾವಕ್ಕಿ:
ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಹಾರುದಾಣದ ಮಗ್ಗುಲಲ್ಲಿ ಹದ್ದುಗಳನ್ನು ಮಾಂಸ ಹಾಕಿ ಕರೆಯುವುದು ಛಾಯಾಗ್ರಹಣವಲ್ಲ, ಅಪಾಯಕ್ಕೆ ಆಹ್ವಾನ. ವಿಮಾನ ನಿಲ್ದಾಣದ 10 ಕಿ.ಮೀ. ವ್ಯಾಪ್ತಿಯಲ್ಲಿ ಹಕ್ಕಿಗಳನ್ನು ಆಕರ್ಷಿಸುವಂತೆ ಕಸ ಎಸೆಯುವುದು, ಪ್ರಾಣಿಗಳನ್ನು ಕಡಿಯುವುದು ಕೂಡದೆಂದು ಅದೇ 1937ರ ನಿಯಮಗಳ 91ನೇ ನಿಯಮ ಹೇಳುತ್ತದೆ. 2023ರ ಏರೋ ಇಂಡಿಯಾ ಸಮಯದಲ್ಲಿ ಜನವರಿ 30ರಿಂದ ಫೆಬ್ರುವರಿ 20ರವರೆಗೆ ಯಲಹಂಕ ನೆಲೆಯ 10 ಕಿ.ಮೀ. ಸುತ್ತ ಮಾಂಸ ಮಾರಾಟವನ್ನೇ ಪಾಲಿಕೆ ನಿಲ್ಲಿಸಿತ್ತು. ಕಾರಣ ಇದೇ ಹದ್ದುಗಳು. ಅಂಗಡಿ ಮುಚ್ಚಿಸಿಕೊಂಡು ವ್ಯಾಪಾರ ಕಳೆದುಕೊಂಡವರು ಒಂದು ಕಡೆ ಇರುವಾಗ, ಚಿತ್ರದ ಆಸೆಗೆ ಮಾಂಸ ಎಸೆಯುವವರು ಇನ್ನೊಂದು ಕಡೆ.

ಯಲಹಂಕ ಹಳಬ:
ಹಾವಕ್ಕಿಯವರ ಮಾತನ್ನು ಪೂರ್ಣವಾಗಿ ಅನುಮೋದಿಸುತ್ತೇನೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಗಾರ್ಡಿಯಾದಿಂದ ಹೊರಟ ಎ320 ಪ್ರಯಾಣಿಕ ವಿಮಾನದ ಎರಡೂ ಎಂಜಿನುಗಳು ಬಾತುಗಳ ಹಿಂಡಿಗೆ ಸಿಕ್ಕಿ ಶಕ್ತಿ ಕಳೆದುಕೊಂಡವು, ಪೈಲಟ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. ಎಲ್ಲರೂ ಬದುಕಿದ್ದು ಆ ಸಿಬ್ಬಂದಿಯ ಚಾತುರ್ಯದಿಂದ. ಸೆಸ್ನಾಗೆ ಇರುವುದು ಒಂದೇ ಎಂಜಿನ್, ಒಳಗೆ ಕುಳಿತಿರುವುದು ಕಲಿಯುತ್ತಿರುವ ಮಕ್ಕಳು.

ಪೊಟೊಮ್ಯಾಕ್ ಕನ್ನಡಿಗ:
ಹಡ್ಸನ್ ಮೇಲಿಳಿದ ವಿಮಾನಕ್ಕೆ ಬಡಿದದ್ದು ಬಾತುಗಳಲ್ಲ, ಕೆನಡಾ ಹೆಬ್ಬಾತುಗಳು. ಒಂದೊಂದೂ ನಾಲ್ಕು ಕಿಲೋ ಆಸುಪಾಸು ತೂಗುವ ಹಕ್ಕಿ.

ನಾನಿರುವುದು ವಾಷಿಂಗ್ಟನ್ ಪಕ್ಕದ ವರ್ಜೀನಿಯಾದಲ್ಲಿ. ಇಲ್ಲಿ ಗ್ರ್ಯಾವೆಲಿ ಪಾಯಿಂಟ್ ಎಂಬ ಉದ್ಯಾನ ಪೊಟೊಮ್ಯಾಕ್ ನದಿಯ ದಂಡೆಯಲ್ಲಿದೆ. ರೇಗನ್ ವಿಮಾನ ನಿಲ್ದಾಣದ ಓಡುದಾರಿಯ ಉತ್ತರ ತುದಿ ಅಲ್ಲಿಂದ ಕೂಗಳತೆ ದೂರ. ಇಳಿಯುವ ವಿಮಾನಗಳು ತಲೆಯ ಮೇಲೆಯೇ ಹಾದುಹೋಗುತ್ತವೆ, ಜನ ಹುಲ್ಲಿನ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚಿಕೊಂಡು ನೋಡುತ್ತಾರೆ, ಯಾರೂ ತಡೆಯುವುದಿಲ್ಲ. ಬೇಸಿಗೆಯಲ್ಲಿ ಆಸ್ಪ್ರೆ ಎಂಬ ಮೀನುಗಿಡುಗ ನದಿಯಿಂದ ಮೀನು ಎತ್ತಿಕೊಂಡು ಹಾರುತ್ತದೆ. ವಿಮಾನ ಅಷ್ಟು ಹತ್ತಿರ ಬರುವುದರಿಂದ 600 ಮಿ.ಮೀ. ಲೆನ್ಸ್ ಇಲ್ಲಿ ನಿರುಪಯೋಗಿ, 70-200 ಸಾಕು. ನನಗಂತೂ ಜಕ್ಕೂರಿನ ಹಕ್ಕಿ ವೈವಿಧ್ಯವೇ ಹೆಚ್ಚೆನಿಸುತ್ತದೆ. ಇಲ್ಲಿನ ಚಳಿಗಾಲದಲ್ಲಿ ಕಡಲಕ್ಕಿಗಳನ್ನು ಬಿಟ್ಟರೆ ಕ್ಯಾಮೆರಾ ಎತ್ತಲು ಬೆರಳೂ ಒಪ್ಪುವುದಿಲ್ಲ.

ಲೆಕ್ಕದ ಮೇಷ್ಟ್ರು:
ಈಗ ಕೆರೆಯಂಚು ಅವರ ಎರಡನೆಯ ಪ್ರಶ್ನೆಗೆ ಬರೋಣ, ಅದನ್ನು ಎಲ್ಲರೂ ಮರೆತಂತಿದೆ. ಹಕ್ಕಿಯೂ ವಿಮಾನವೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಬರಲು ಸಾಧ್ಯವೇ? ಸಾಧ್ಯ, ಆದರೆ ದೊಡ್ಡ ಲೆನ್ಸಿನಲ್ಲಿ ಅಲ್ಲ.

ಕ್ರಾಪ್ ಸೆನ್ಸರಿನಲ್ಲಿ ಒಂದು ಬಿಂದು 0.02 ಮಿ.ಮೀ.ವರೆಗೆ ಹರಡಿ ಮಸುಕಾದರೂ ಸಹಿಸಬಹುದೆಂದು ಇಟ್ಟುಕೊಳ್ಳಿ. 500 ಮಿ.ಮೀ., ಎಫ್/8ರಲ್ಲಿ ಅನಂತದವರೆಗೂ ಸ್ಪಷ್ಟವಾಗಿ ಕಾಣಬೇಕೆಂದರೆ ಸುಮಾರು 1560 ಮೀಟರಿಗೆ ಫೋಕಸ್ ಮಾಡಬೇಕು. ಆಗ ಅದರ ಅರ್ಧದಿಂದ, ಅಂದರೆ 780 ಮೀಟರಿನಿಂದ ಆಚೆಗಿನದು ಮಾತ್ರ ಸ್ಪಷ್ಟ. 780 ಮೀಟರ್ ದೂರದ ಹೆಜ್ಜಾರ್ಲೆಯನ್ನು ಯಾರೂ ತೆಗೆಯುವುದಿಲ್ಲ. ಅದೇ 200 ಮಿ.ಮೀ. ಆದರೆ 250 ಮೀಟರಿಗೆ ಫೋಕಸ್ ಮಾಡಿದರೆ ಸಾಕು, 125 ಮೀಟರಿನಿಂದ ಆಚೆಗಿನದೆಲ್ಲ ಸ್ಪಷ್ಟವಾಗಿ ಬರುತ್ತದೆ.

ಗಾತ್ರದ ಲೆಕ್ಕವನ್ನೂ ನೋಡಿ. ನಮ್ಮ ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆಯ ರೆಕ್ಕೆಯಗಲ ಸುಮಾರು 2.3 ಮೀಟರ್. ಎ320 ವಿಮಾನದ್ದು 35.8 ಮೀಟರ್, ಅಂದರೆ ಹೆಚ್ಚುಕಡಿಮೆ 15 ಪಟ್ಟು. 150 ಮೀಟರ್ ದೂರದ ಹೆಜ್ಜಾರ್ಲೆಯೂ 2.3 ಕಿ.ಮೀ. ದೂರದ ಎ320 ವಿಮಾನವೂ ಚಿತ್ರದಲ್ಲಿ ಒಂದೇ ಅಗಲಕ್ಕೆ ಕಾಣುತ್ತವೆ. 200 ಮಿ.ಮೀ. ಲೆನ್ಸಿನಲ್ಲಿ ಅದು ಚೌಕಟ್ಟಿನ ಎಂಟನೆಯ ಒಂದು ಭಾಗ, 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 780 ಪಿಕ್ಸೆಲ್ ಆಸುಪಾಸು. ಜಾಲತಾಣಕ್ಕೆ ಧಾರಾಳವಾಯಿತು.

ಚಿಟ್ಟುಕುಟುರ:
ಮೇಷ್ಟ್ರೇ, ಕಾಗದದ ಮೇಲೆ ಎಲ್ಲವೂ ಸರಿ. 2.3 ಕಿ.ಮೀ. ದೂರದ ನಡುವೆ ಬೆಂಗಳೂರಿನ ಧೂಳೂ ಹೊಗೆಯೂ ಇರುತ್ತವೆಯಲ್ಲ! ಒಂಬತ್ತು ಗಂಟೆಯಾದರೆ ತಗಡಿನ ಚಾವಣಿಗಳ ಮೇಲಿನ ಬಿಸಿಗಾಳಿ ಕುದಿಯತೊಡಗುತ್ತದೆ, ವಿಮಾನದ ಕಿಟಕಿಗಳು ಅಲೆಅಲೆಯಾಗಿ ಕಲಸಿಹೋಗುತ್ತವೆ. ಅದನ್ನು ಯಾವ ಲೆನ್ಸೂ ಸರಿಪಡಿಸುವುದಿಲ್ಲ.

ಲೆಕ್ಕದ ಮೇಷ್ಟ್ರು:
ಒಪ್ಪಿದೆ. ಅದಕ್ಕಾಗಿಯೇ ಏಳೂವರೆಯ ಒಳಗೆ, ಮಂಜಿಲ್ಲದ ದಿನ ತೆಗೆಯಬೇಕು. ಮಳೆ ಬಂದು ಹೋದ ಮರುದಿನದ ಬೆಳಗಾದರೆ ಇನ್ನೂ ಒಳ್ಳೆಯದು.

ಪೊಟೊಮ್ಯಾಕ್ ಕನ್ನಡಿಗ:
2022ರ ಅಕ್ಟೋಬರಿನಿಂದ ಬೆಂಗಳೂರಿಗೆ ಎ380 ಎಂಬ ದೈತ್ಯ ಪ್ರಯಾಣಿಕ ವಿಮಾನ ಬರುತ್ತಿದೆಯಲ್ಲ, ಅದನ್ನು ಹೆಜ್ಜಾರ್ಲೆಯ ಜೊತೆ ಹಿಡಿದವರಿದ್ದಾರೆಯೇ?

ಲೆಕ್ಕದ ಮೇಷ್ಟ್ರು:
ಅದರ ರೆಕ್ಕೆಯಗಲ 79.8 ಮೀಟರ್, ಹೆಜ್ಜಾರ್ಲೆಗೆ 35 ಪಟ್ಟು. 150 ಮೀಟರಿನ ಹಕ್ಕಿಗೆ ಸರಿಸಮವಾಗಿ ಕಾಣಲು 5 ಕಿ.ಮೀ. ಆಚೆ ಇರಬೇಕು. ಅಷ್ಟು ದೂರಕ್ಕೆ ಚಿಟ್ಟುಕುಟುರ ಅವರ ಧೂಳಿನ ವಾದವೇ ಗೆಲ್ಲುತ್ತದೆ.

ಗರಿಗೆದರಿ:
ಲೆಕ್ಕ ಚೆನ್ನಾಗಿದೆ, ಆದರೆ ನನ್ನ ಮೂಲಭೂತ ಆಕ್ಷೇಪ ಬೇರೆ. ಹಕ್ಕಿ, ವಿಮಾನ ಎರಡೂ ಒಂದೇ ಗಾತ್ರಕ್ಕೆ, ಒಂದೇ ಸ್ಪಷ್ಟತೆಯಲ್ಲಿ ಬಂದರೆ ಕಣ್ಣು ಎಲ್ಲಿ ನಿಲ್ಲಬೇಕು? ಹಕ್ಕಿ ಸ್ಪಷ್ಟವಾಗಿದ್ದು ವಿಮಾನ ಹಿಂದೆ ಮಸುಕಾಗಿದ್ದರೆ ದೂರದ ಅಂದಾಜು ತಾನಾಗಿ ಸಿಗುತ್ತದೆ. ಅಂಟಿಸಿದ ಚಿತ್ರವೆಂಬ ಅನುಮಾನ ಜನರಿಗೆ ಬರುವುದೂ ಆ ಅಂದಾಜು ತಪ್ಪಿದಾಗಲೇ.

ಹಾವಕ್ಕಿ:
ನಾನು ಒಪ್ಪುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳ ಮೇಲೆಯೇ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ. ಅಲ್ಲಿ ಗೂಡಿನ ಜೊತೆ ಹೆಂಚಿನ ಮನೆಯೂ ಸ್ಪಷ್ಟವಾಗಿದ್ದರೆ ಮಾತ್ರ ಅದು ಆ ಊರಿನ ಚಿತ್ರ. ಜಕ್ಕೂರಿನ ಹೆಜ್ಜಾರ್ಲೆಗೆ ವಿಮಾನವೇ ನೆರೆಮನೆ. ಅದನ್ನು ಮಸುಕಾಗಿಸಿದರೆ ಹಕ್ಕಿ ಎಲ್ಲಿಯದೆಂದು ಯಾರಿಗೆ ಗೊತ್ತಾಗಬೇಕು?

ಗರಿಗೆದರಿ:
ಚಿತ್ರದ ಕೆಳಗೆ ಊರಿನ ಹೆಸರು ಬರೆದರೆ ಗೊತ್ತಾಗುತ್ತದೆ.

ಕೆರೆಯಂಚು:
ನಾನು ನೋಡಿದ ಚಿತ್ರದ ಬಗ್ಗೆ ಇನ್ನೊಂದಿಷ್ಟು ವಿವರ ಕೊಡುತ್ತೇನೆ, ನೀವೇ ತೀರ್ಮಾನಿಸಿ. ದೇವನಹಳ್ಳಿ ಕಡೆಯ ಒಂದು ಕೆರೆಯಲ್ಲಿ ಡಿಸೆಂಬರ್ ಬೆಳಗ್ಗೆ ತೆಗೆದದ್ದೆಂದು ಬರೆದಿದ್ದರು. ಹೆಜ್ಜಾರ್ಲೆಗಳು ಎಡದಿಂದ ಬಲಕ್ಕೆ, ವಿಮಾನ ಬಲದಿಂದ ಎಡಕ್ಕೆ. ವಿಮಾನದ ಚಕ್ರಗಳು ಹೊರಬಂದಿವೆ, ಅಂದರೆ ಇಳಿಯುತ್ತಿದೆ. ಕ್ಯಾಮೆರಾ ಉತ್ತರಕ್ಕೆ ಮುಖ ಮಾಡಿದೆಯೆಂದು ಅವರೇ ಹೇಳಿದ್ದಾರೆ.

ಪಡುವಣ ಗಾಳಿ:
ಉತ್ತರಕ್ಕೆ ನೋಡುವಾಗ ಬಲದಿಂದ ಎಡಕ್ಕೆ ಎಂದರೆ ಪೂರ್ವದಿಂದ ಪಶ್ಚಿಮಕ್ಕೆ. ದೇವನಹಳ್ಳಿಯ ಎರಡೂ ಓಡುದಾರಿಗಳು ಪೂರ್ವ ಪಶ್ಚಿಮವಾಗಿವೆ, ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಪಶ್ಚಿಮಕ್ಕೆ ಮುಖಮಾಡಿ ಇಳಿಯುವುದು ಮುಖ್ಯವಾಗಿ ಮುಂಗಾರಿನ ಪಡುವಣ ಗಾಳಿಯ ತಿಂಗಳುಗಳಲ್ಲಿ. ಡಿಸೆಂಬರಿನಲ್ಲಿ ಮೂಡಣ ಗಾಳಿ ಬೀಸುವುದರಿಂದ ಸಾಮಾನ್ಯವಾಗಿ ಪಶ್ಚಿಮದಿಂದ ಬಂದು ಪೂರ್ವಾಭಿಮುಖವಾಗಿ ಇಳಿಯುತ್ತವೆ. ನನಗೆ ಅನುಮಾನ ಬರುತ್ತಿದೆ.

ಯಲಹಂಕ ಹಳಬ:
ಸಾಮಾನ್ಯವಾಗಿ ಎಂಬ ಪದವನ್ನು ನೀವೇ ಬಳಸಿದ್ದೀರಿ. ಬೆಳಗಿನ ಹೊತ್ತು ಗಾಳಿ ತೀರಾ ಕಡಿಮೆಯಿದ್ದರೆ ನಿಯಂತ್ರಣ ಗೋಪುರದವರು ಯಾವ ದಿಕ್ಕಿನಿಂದ ಬೇಕಾದರೂ ಇಳಿಸಬಹುದು. ಇಷ್ಟರಿಂದಲೇ ಒಬ್ಬರನ್ನು ಸುಳ್ಳುಗಾರರೆಂದು ಕರೆಯುವುದು ನ್ಯಾಯವಲ್ಲ.

ಚಿಟ್ಟುಕುಟುರ:
ಗಾಳಿಯನ್ನು ಬಿಡಿ, ಬೆಳಕನ್ನು ನೋಡಿ. ಡಿಸೆಂಬರಿನ ಬೆಳಗ್ಗೆ ಸೂರ್ಯ ಕ್ಯಾಮೆರಾದ ಬಲ ಹಿಂಬದಿಯಲ್ಲಿರಬೇಕು. ವಿಮಾನದ ಮೂತಿ ಎಡಕ್ಕಿರುವುದರಿಂದ ಅದರ ಬಾಲದ ಬದಿ ಹೆಚ್ಚು ಬೆಳಗಿರಬೇಕು, ಹೆಜ್ಜಾರ್ಲೆಗಳು ಬಲಕ್ಕೆ ಹೋಗುತ್ತಿರುವುದರಿಂದ ಅವುಗಳ ಮುಖಕ್ಕೆ ಬೆಳಕು ಬಿದ್ದಿರಬೇಕು. ಎರಡೂ ಹಾಗೆಯೇ ಇವೆಯೇ?

ಕೆರೆಯಂಚು:
ಹೆಜ್ಜಾರ್ಲೆಗಳ ಮುಖದ ಮೇಲೆ ಬೆಳಕಿದೆ. ವಿಮಾನದಲ್ಲಿ ಮೂತಿಯಿಂದ ಬಾಲದವರೆಗೂ ಒಂದೇ ಸಮನಾಗಿರುವಂತೆ ಕಾಣುತ್ತದೆ. ಆದರೆ ಚಿತ್ರ ಚಿಕ್ಕದಾಗಿರುವುದರಿಂದ ಖಚಿತವಾಗಿ ಹೇಳಲಾರೆ.

ಲೆಕ್ಕದ ಮೇಷ್ಟ್ರು:
ಹಾಗಿದ್ದರೆ ತೆಗೆದವರನ್ನೇ ಮರ್ಯಾದೆಯಿಂದ ಮೂಲ ಕಡತವನ್ನು ಕೇಳಿ. ರಾ ಕಡತ (ಕ್ಯಾಮೆರಾದಿಂದ ಬಂದಂತೆಯೇ ಇರುವ, ತಿದ್ದದ ಕಡತ) ಕೊಟ್ಟರೆ ಲೆನ್ಸಿನ ಅಳತೆ, ಅಪರ್ಚರ್, ಸಮಯ ಎಲ್ಲವೂ ಅದರಲ್ಲಿಯೇ ಇರುತ್ತವೆ. 200 ಮಿ.ಮೀ. ಆಸುಪಾಸಿನಲ್ಲಿದ್ದರೆ ನಾನು ಅವರ ಪರ, 600 ಎಂದಿದ್ದರೆ ಗರಿಗೆದರಿಯವರ ಪರ.

ಗರಿಗೆದರಿ:
ನನ್ನ ಪರ ಬರಲು 600 ಬೇಕಾಗಿಲ್ಲ ಮೇಷ್ಟ್ರೇ, ಚಿತ್ರ ನಿಜವಾಗಿದ್ದರೂ ನನಗೆ ಅದು ಹಿಡಿಸುವುದಿಲ್ಲ.